ಸಮುದ್ರದಲ್ಲೂ ಮೇವಿಗೆ ಬರ ಬರುತ್ತಾ?

ಹುಲ್ಲು, ಪಾಚಿ ತಿಂದು ಬದುಕುವ ಕಡಲಪ್ರಾಣಿಗಳು ಮೇವು ಸಿಗದಾಗ ಏನು ಮಾಡುತ್ತವೆ ಅಂತ ಕೇಳಿದ್ದೀರಿ. ನಾನು ಪಾವಗಡದವನು. ನಮ್ಮ ಕಡೆ ಕಡಲಿಲ್ಲ, ಆದರೆ ಮೇವಿನ ಬರ ಗೊತ್ತು. ಮಳೆ ಕೈಕೊಟ್ಟ ವರ್ಷ ಕುರಿಗಾರರು ಮಂದೆ ಹೊಡೆದುಕೊಂಡು ಹಸಿರಿರುವ ಊರುಗಳಿಗೆ ಹೊರಟುಬಿಡುತ್ತಾರೆ. ಕಡಲತಳದ ಹುಲ್ಲು ಮೇಯುವ ದೊಡ್ಡ ಪ್ರಾಣಿ ಕಡಲಹಸು, ಅಂದರೆ ಡುಗಾಂಗ್, ಮಾಡುವುದೂ ಅದನ್ನೇ.

1992ರಲ್ಲಿ ಆಸ್ಟ್ರೇಲಿಯಾದ ಹರ್ವೀ ಕೊಲ್ಲಿಗೆ ಪ್ರವಾಹ, ಚಂಡಮಾರುತ ಎರಡೂ ಬಡಿದವು. ನೀರು ಕದಡಿ ಬೆಳಕು ತಳಕ್ಕೆ ಇಳಿಯಲಿಲ್ಲ. ಸುಮಾರು 1000 ಚದರ ಕಿಲೋಮೀಟರ್ ಕಡಲಹುಲ್ಲು ನಾಶವಾಯಿತು. ಕೆಲವು ಡುಗಾಂಗ್‌ಗಳು ನೂರಾರು ಕಿಲೋಮೀಟರ್ ಈಜಿದವು. ದಾರಿಯಲ್ಲೇ ಸತ್ತವೂ ಇದ್ದವು. ಉಳಿದವು ಮರಿ ಹಾಕುವುದನ್ನೇ ಮುಂದಕ್ಕೆ ಹಾಕಿದವು. ಒಳ್ಳೆಯ ಕಾಲದಲ್ಲೂ ಒಂದು ಮರಿಯಾದ ಮೇಲೆ ಇನ್ನೊಂದಕ್ಕೆ ಕೆಲವು ವರ್ಷ ಬೇಕು. ಹಾಗಾಗಿ ನನಗೆ ಜಾಸ್ತಿ ಸಂಕಟವಾಗುವುದು ಇವುಗಳ ಬಗ್ಗೆಯೇ.

ಹೊರಟು ಹೋಗಲು ಜಾಗವೇ ಇಲ್ಲದಿದ್ದರೆ? ಗಲಾಪಗೋಸ್ ದ್ವೀಪಗಳ ಸಮುದ್ರ ಇಗ್ವಾನಾ ನೋಡಿ. ಬಂಡೆಗಳ ಮೇಲಿನ ಪಾಚಿ ಮೇಯುವ ದೊಡ್ಡ ಹಲ್ಲಿ ಜಾತಿ ಇದು. ಎಲ್ ನಿನೋ ಬಂದಾಗ ನೀರು ಬಿಸಿಯಾಗುತ್ತದೆ. ಇವಕ್ಕೆ ಬೇಕಾದ ಹಸಿರು, ಕೆಂಪು ಪಾಚಿ ಕಡಿಮೆಯಾಗಿ, ಅರಗದ ಕಂದು ಪಾಚಿ ಹಬ್ಬುತ್ತದೆ. ಹೊಟ್ಟೆ ತುಂಬಿದ್ದರೂ ಉಪವಾಸ!

ಆಗ ಈ ಪ್ರಾಣಿ ಉದ್ದದಲ್ಲೇ ಕುಗ್ಗುತ್ತದೆ. ತೂಕ ಇಳಿಯುವುದು ಬೇರೆ, ಇದು ಬೇರೆ. ವಿಜ್ಞಾನಿಗಳಾದ ಮಾರ್ಟಿನ್ ವಿಕೆಲ್ಸ್ಕಿ ಮತ್ತು ಕೊರಿನಾ ಥಾಮ್ 2000ದಲ್ಲಿ ಇದನ್ನು ಪ್ರಕಟಿಸಿದರು. ಕೆಲವು ಇಗ್ವಾನಾಗಳು ಶೇ. 20ರಷ್ಟು ಗಿಡ್ಡವಾಗಿದ್ದವು. ಬರೀ ಮೂಳೆಸಂದಿನ ಮೆದು ಭಾಗ ಕುಗ್ಗಿದರೆ ಅಷ್ಟು ಇಳಿಯುವುದಿಲ್ಲ, ಎಲುಬೂ ಕರಗಿರಬೇಕು ಅಂತ ಅವರು ಹೇಳಿದರು. ಜಾಸ್ತಿ ಕುಗ್ಗಿದ ದೊಡ್ಡ ಇಗ್ವಾನಾಗಳೇ ಜಾಸ್ತಿ ದಿನ ಬದುಕಿದವು. ಮೈ ಚಿಕ್ಕದಾದರೆ ಕಡಿಮೆ ಮೇವು ಸಾಕು, ಅಲ್ವಾ? ಪಾಚಿ ಮತ್ತೆ ಚಿಗುರಿದ ಮೇಲೆ ಇವೂ ಮತ್ತೆ ಉದ್ದವಾಗುತ್ತವೆ. ಬೆನ್ನೆಲುಬಿರುವ ಬೆಳೆದ ಪ್ರಾಣಿ ಹೀಗೆ ಮಾಡೀತು ಅಂತ ಯಾರೂ ಎಣಿಸಿರಲಿಲ್ಲ.

ಇನ್ನು ಮೈತುಂಬಾ ಮುಳ್ಳಿರುವ ಸೀ ಅರ್ಚಿನ್. ಕ್ಯಾಲಿಫೋರ್ನಿಯಾ ಕರಾವಳಿಯ ಹಲವು ಕಡೆ ಇವು ಕೆಲ್ಪ್ ಎಂಬ ದೊಡ್ಡ ಪಾಚಿಯ ಕಾಡನ್ನೇ ತಿಂದು ಮುಗಿಸಿವೆ. ಮೇವಿಲ್ಲದೆ ಒಳಗಿನ ತಿರುಳೆಲ್ಲ ಬರಿದಾದರೂ, ದೇಹದ ಖರ್ಚು ತಗ್ಗಿಸಿಕೊಂಡು ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಹೊಸ ಚಿಗುರು ಬಂದರೆ ಕೆರೆದು ತಿನ್ನುತ್ತವೆ. ಇವನ್ನು ತಿನ್ನುವ ಕಡಲ ನೀರುನಾಯಿಗಳೂ ಟೊಳ್ಳಾದವನ್ನು ಬಿಟ್ಟು ತಿರುಳಿರುವುದನ್ನೇ ಹುಡುಕುತ್ತವೆ. ಹಾಗಾಗಿ ಅಲ್ಲಿ ಕೆಲ್ಪ್ ಕಾಡು ಬೇಗ ವಾಪಸ್ ಬರುವುದಿಲ್ಲ.