ಪಿಕಳಾರಕ್ಕೂ ಶಾರ್ಕಿಗೂ ನೆಂಟಸ್ತಿಕೆ ಇದೆಯಾ?

ನಮಸ್ಕಾರ ಸರ್. ನಂದಿಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರ ನೋಡಿದ ನಿಮ್ಮ ಮಗಳು, "ಹಕ್ಕಿಗೂ ಶಾರ್ಕಿಗೂ ಅಸ್ಥಿಪಂಜರ ಹಗುರ ಅಂತಾರೆ, ಹಾಗಾದ್ರೆ ಅವು ಹತ್ತಿರದ ನೆಂಟರಾ?" ಅಂತ ಕೇಳಿದ್ದಾಳೆ ಅಂದ್ರಿ. ತುಂಬಾ ಒಳ್ಳೆ ಪ್ರಶ್ನೆ.

ಹತ್ತಿರದ ನೆಂಟರಲ್ಲ. ಹಗುರವಾದ ದಾರಿಯೇ ಬೇರೆ ಬೇರೆ. ಶಾರ್ಕಿನ ಅಸ್ಥಿಪಂಜರ ಪೂರ್ತಿ ಮೃದ್ವಸ್ಥಿ, ನಮ್ಮ ಮೂಗಿನ ತುದಿಯಲ್ಲಿ ಇರುವಂಥದ್ದು. ಬೇರೆ ಮೀನುಗಳಿಗೆ ತೇಲಲು ಇರುವ ಗಾಳಿಚೀಲ ಅದಕ್ಕಿಲ್ಲ. ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗ ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ.

ಪಿಕಳಾರದ್ದು ಗಟ್ಟಿ ಮೂಳೆಯೇ. ಆದರೆ ಕೆಲವು ಮೂಳೆ ಒಳಗೆ ಟೊಳ್ಳು, ಅಲ್ಲಿ ಗಾಳಿ ಇರುತ್ತದೆ. ಮೊಟ್ಟೆಯೊಳಗಿನ ಮರಿಯಲ್ಲಿ ಹೆಚ್ಚಿನ ಮೂಳೆಗಳು ಮೊದಲು ಮೃದ್ವಸ್ಥಿಯಾಗಿಯೇ ಶುರುವಾಗುತ್ತವೆ, ಆಮೇಲೆ ಗಟ್ಟಿಯಾಗುತ್ತವೆ. ನನಗೆ ಇದು ಬಹಳ ಇಷ್ಟದ ವಿಷಯ.

ಇನ್ನೊಂದು ಹೇಳಲೇಬೇಕು. ಕೋಲಾರದ ಕೆರೆಯ ಕಾಟ್ಲಾ ಮೀನಿಗೆ ಶಾರ್ಕಿಗಿಂತ ಪಿಕಳಾರವೇ ಹತ್ತಿರದ ನೆಂಟ! ಮೂಳೆ ಮೀನುಗಳ ಕವಲಿನಿಂದಲೇ ಹಕ್ಕಿಗಳೂ ನಾವೂ ಬಂದಿದ್ದು. ಶಾರ್ಕಿನ ಕವಲು 40 ಕೋಟಿ ವರ್ಷಕ್ಕೂ ಹಿಂದೆಯೇ ಬೇರೆಯಾಗಿತ್ತು.

ಮನೆಯಲ್ಲಿ ಕೋಳಿ ತಿನ್ನುವವರಾದರೆ ಭುಜಕ್ಕೆ ಸೇರುವ ರೆಕ್ಕೆ ಮೂಳೆ ತೆಗೆದಿಡಿ. ಮೇಲಿನ ತುದಿಯ ಹತ್ತಿರ ಗಾಳಿ ಒಳಗೆ ಹೋಗುವ ತೂತು ಇರುತ್ತದೆ, ಮಗಳಿಗೆ ತೋರಿಸಿ.