ಗ್ರಾಫಿಕ್ಸ್ ಕಾರ್ಡ್ ಬಿಡಿ, ಆ ಹಣಕ್ಕೆ ಮೈಕ್ ಕೊಳ್ಳಿ

ಕಲಬುರಗಿಯ ಮನೆಯಲ್ಲೇ ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ತತ್ವಪದಗಳನ್ನು ರೆಕಾರ್ಡ್ ಮಾಡಬೇಕು, ಕೈಯಲ್ಲಿರುವುದು 40 ಸಾವಿರ ರೂಪಾಯಿ, ಅಂಗಡಿಯವರು ಗೇಮಿಂಗ್ ಕಂಪ್ಯೂಟರನ್ನೇ ಕೊಳ್ಳಿ ಎನ್ನುತ್ತಿದ್ದಾರೆ ಎಂದು ಕೇಳಿದ್ದೀರಿ. ಬೇಡ. ಆಟಗಳ ಚಿತ್ರ ಮೂಡಿಸಲೆಂದು ಅದರಲ್ಲಿ ಹಾಕಿರುವ ಗ್ರಾಫಿಕ್ಸ್ ಕಾರ್ಡಿನಿಂದ ಹಾಡಿನ ರೆಕಾರ್ಡಿಂಗಿಗೆ ನಯಾಪೈಸೆಯ ಉಪಯೋಗವಿಲ್ಲ. ಮೇಲಾಗಿ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅದರ ಫ್ಯಾನು ತಾನೂ ಶ್ರುತಿ ಹಿಡಿದು ಕೂರುತ್ತದೆ.

ಕಚೇರಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್‌ನಂಥ ಡೆಸ್ಕ್‌ಟಾಪ್ ಹುಡುಕಿ. ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ತಲೆಮಾರಿನ ಐ5 ಸಾಕು. ಅದಕ್ಕಿಂತ ಹಳೆಯದು ಎಷ್ಟೇ ಅಗ್ಗವಾದರೂ ಬೇಡ: ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿದೆ, ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಹತ್ತಿರ ಸೇರಿಸುವುದಿಲ್ಲ. ರ‍್ಯಾಮ್ 8 ಜಿಬಿ ಇದ್ದರೆ ನಡೆಯುತ್ತದೆ, 16 ಇದ್ದರೆ ನಿಶ್ಚಿಂತೆ. ಹಾರ್ಡ್ ಡಿಸ್ಕ್ ಬದಲು, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಇರಲಿ. ವೇಗದ ಜೊತೆಗೆ ಗರಗರ ಸದ್ದೂ ಇಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿನ ರೆಕಾರ್ಡಿಂಗ್ ನಿಮಿಷಕ್ಕೆ ಸುಮಾರು 8.6 ಎಂಬಿ ಮಾತ್ರ. 256 ಜಿಬಿಯಲ್ಲಿ ಬೇಕಾದಷ್ಟು ತತ್ವಪದಗಳು ಹಿಡಿಸುತ್ತವೆ.

ಉಳಿದ ಹಣವನ್ನು ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಮೈಕಿಗೆ ಹಾಕಿ. ನೇರವಾಗಿ ಕಂಪ್ಯೂಟರಿಗೆ ಚುಚ್ಚುವ ಯುಎಸ್‌ಬಿ ಮೈಕ್ ಅಗ್ಗವೆಂದು ಆಸೆಪಡಬೇಡಿ, ನಾಳೆ ಎರಡನೆಯದನ್ನು ಜೋಡಿಸಲು ಹೋದರೆ ತಲೆನೋವು. ಇಂಟರ್‌ಫೇಸಿನಲ್ಲಿ ಎರಡು ಮೈಕ್ ಇನ್‌ಪುಟ್ ಇರಲೇಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋದಲ್ಲಿ ಇರುವುದು ಒಂದೇ, 2ಐ2ನಲ್ಲಿ ಎರಡು. ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಇಂಟರ್‌ಫೇಸ್ ಕೇಬಲ್ ಮೂಲಕ ಕೊಡುವ ವಿದ್ಯುತ್) ಬೇಕು, ಜೊತೆಗೆ ಪಕ್ಕದ ಕೋಣೆಯ ಕೂಲರ್, ಬೀದಿಯ ಆಟೋ ಎಲ್ಲವನ್ನೂ ಅದು ಹೆಕ್ಕಿಕೊಳ್ಳುತ್ತದೆ. ನಿಮಗೆ ಅಷ್ಟು ಸೂಕ್ಷ್ಮವಲ್ಲದ ಡೈನಮಿಕ್ ಮೈಕೇ ಸರಿ. ಒಂದನ್ನು ಹಾಡುವವರ ಬಾಯಿಯಿಂದ ಗೇಣು ದೂರದಲ್ಲಿಡಿ. ಇನ್ನೊಂದು ಹಾರ್ಮೋನಿಯಂ, ತಬಲಾ ನಡುವೆ ಇರಲಿ, ಆದರೆ ತಿದಿಯ ಕಡೆ ಮುಖ ಮಾಡಬೇಡಿ. ಸ್ವರಕ್ಕಿಂತ ಮೊದಲು ಅದರ ಉಸಿರು, ಕಿರಕಿರ ಕೇಳಿಸುತ್ತದೆ. ತಾಳ ಹಾಕುವವರು ಎರಡು ಮಾರು ಹಿಂದೆ ಕೂರಲಿ.

ಮೊಬೈಲಿನ ತಂಬೂರಿ ಶ್ರುತಿಯನ್ನು ಸ್ಪೀಕರಿನಲ್ಲಿ ಬಿಡದೆ ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳಿ. ತನ್ನ ದನಿ ತನಗೇ ತಡವಾಗಿ ಕೇಳಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ. ಅದಕ್ಕಾಗಿ ದುಬಾರಿ ಪ್ರೊಸೆಸರ್ ಬೇಕಿಲ್ಲ. ಸಾಫ್ಟ್‌ವೇರ್‌ಗೆ ಆಡಾಸಿಟಿ ಇದೆ, ಉಚಿತ.

ಕರೆಂಟ್ ಹೋದಾಗ ಫೈಲು ಉಳಿಯಲು ಸಣ್ಣ ಯುಪಿಎಸ್ ಬೇಕು. ಹಳೆಯ ಮನೆಯಾದರೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಗುಂಯ್ ಎನ್ನುವ ಹಮ್ ಬಂದಾಗ ಜನ ಮೈಕನ್ನು ಬೈಯುತ್ತಾರೆ, ತಪ್ಪು ಎಷ್ಟೋ ಸಲ ಗೋಡೆಯ ಪ್ಲಗ್ಗಿನದು.

ಹಳೆಯ ಕಂಪ್ಯೂಟರಿಗೆ ಹಣ ಕೊಡುವ ಮುನ್ನ ಅಂಗಡಿಯಲ್ಲೇ ಅರ್ಧ ಗಂಟೆ ಚಾಲೂ ಇಡಿಸಿ, ಪೆಟ್ಟಿಗೆಗೆ ಕಿವಿಗೊಡಿ. ಫ್ಯಾನು ಸದ್ದು ಮಾಡಿದರೆ ಧೂಳು ತೆಗೆಸಿ, ಪ್ರೊಸೆಸರಿನ ಶಾಖ ಸಾಗಿಸುವ ಪೇಸ್ಟ್ ಹೊಸದಾಗಿ ಹಾಕಿಕೊಡಲು ಹೇಳಿ.