ಫ್ರಿಜ್ ಬಾಗಿಲಿನ ಹದಿನಾಲ್ಕು ನಿಯಮ

ಪುಣೆಯ ಸಿಂಹಗಡ ರಸ್ತೆಯ ಕಡೆ ಒಂದು ಸೊಸೈಟಿಯಲ್ಲಿರುವ ಕುಟುಂಬ. ಮೂಲ ಧಾರವಾಡದ ಕಡೆಯದು, ಮನೆಮಾತು ಕನ್ನಡ. ತಂದೆ ತಾಯಿ ಇಬ್ಬರೂ ನೌಕರಿ ಮಾಡುತ್ತಾರೆ. ಜೊತೆಗೆ ತಂದೆಯ ತಾಯಿ, ಹತ್ತು ವರ್ಷದ ಒಬ್ಬನೇ ಮಗ. ಗುರುತು ಹತ್ತಬಾರದೆಂದು ಕೆಲವು ವಿವರ ಬದಲಿಸಲಾಗಿದೆ.

ತಾಯಿ ನನ್ನ ಬಳಿ ಸಲಹೆ ಕೇಳಲು ಬಂದದ್ದು ಜನವರಿಯಲ್ಲಿ. "ಛಲೋದು ಕಲಿಸಾಕ ಹೋದ್ವಿರಿ, ಈಗ ಮನ್ಯಾಗ ಅವನ ಕಣ್ಣು ತಪ್ಪಿಸಿ ಓಡ್ಯಾಡಬೇಕಾಗೇತ್ರಿ" ಎಂದರು. ಹಿಂದಿನ ಜೂನ್‌ನಲ್ಲಿ ಶಾಲೆಯಲ್ಲಿ ಪರಿಸರ ದಿನ ಆಗಿತ್ತು. ಮಗನ ಉತ್ಸಾಹ ನೋಡಿ ತಂದೆ ಫ್ರಿಜ್ ಬಾಗಿಲಿಗೆ ಹದಿನಾಲ್ಕು ನಿಯಮಗಳ ಚಾರ್ಟು ಅಂಟಿಸಿದರು: ಪ್ಲಾಸ್ಟಿಕ್ ಮುಟ್ಟಬಾರದು, ನಲ್ಲಿ ಬಿಡಬಾರದು, ಫ್ಯಾನು ಹಚ್ಚಿಟ್ಟು ಹೋಗಬಾರದು, ಹೀಗೆ. ಪಾಲಿಸಿದರೆ ಒಂದು ಸ್ಟಾರ್, ತಪ್ಪಿದರೆ ಒಂದು ಕಡಿತ. ಇಪ್ಪತ್ತು ಸ್ಟಾರ್‌ಗೆ 50 ರೂಪಾಯಿ.

ಮೊದಲ ತಿಂಗಳು ಎಲ್ಲರಿಗೂ ಖುಷಿ. ಆಮೇಲೆ ಹುಡುಗ ಬೇರೆಯವರ ತಪ್ಪು ಎಣಿಸತೊಡಗಿದ. ಅಜ್ಜಿ ಹಾಲಿನ ಪ್ಯಾಕೆಟ್ ತೊಳೆದು ಕಿಟಕಿಗೆ ಸಿಗಿಸಿದರೆ "ಪ್ಲಾಸ್ಟಿಕ್ ಯಾಕ ಇಟ್ಟೀ?" ಎಂದು ಜಗಳ. ಗಣಪತಿಗೆ ಬಂದ ನೆಂಟರಿಗೆ ಥರ್ಮೋಕೋಲ್ ತಟ್ಟೆಯ ವಿಷಯದಲ್ಲಿ ಎಲ್ಲರೆದುರೇ ಬೈದ. ಬಲೂನ್ ಇರುತ್ತದೆಂದು ಅತ್ತೆಯ ಮಗಳ ಹುಟ್ಟುಹಬ್ಬಕ್ಕೆ ಹೋಗಲಿಲ್ಲ. ಮನೆಯಲ್ಲಿ ಕೂತು ಅತ್ತ. ರಾತ್ರಿ ಎದ್ದು "ನಾವೆಲ್ಲ ಸಾಯ್ತೀವೇನು?" ಎಂದು ಕೇಳುವುದು ಶುರುವಾಯಿತು. ಕಡೆಗೆ ಒಂದು ದಿನ ಇರುವೆಸಾಲಿನ ಜಾಡು ಹಿಡಿದು ಹೋದ ತಾಯಿಗೆ ಮಂಚದ ಹಿಂದೆ ಒಂದು ಬೂಟಿನ ಡಬ್ಬಿ ಸಿಕ್ಕಿತು. ಒಳಗೆ ಚಿಪ್ಸ್, ಚಾಕೊಲೇಟಿನ ಮೂವತ್ತೊಂದು ಖಾಲಿ ಕವರು, ಒಂದೊಂದನ್ನೂ ಬೆರಳುಗಾತ್ರಕ್ಕೆ ಮಡಚಿಟ್ಟದ್ದು. ಬುಟ್ಟಿಗೆ ಹಾಕಿದರೆ ಸ್ಟಾರ್ ಹೋಗುತ್ತದೆ, ತಿನ್ನದೆ ಇರಲಾಗುವುದಿಲ್ಲ. ಹತ್ತು ವರ್ಷದ ಮಗು ಇನ್ನೇನು ಮಾಡೀತು?

ತಾಯಿ ಇದನ್ನು ಸುಳ್ಳು, ಕಳ್ಳತನ ಎಂದು ಓದಿದ್ದರು. ನನಗೆ ಕಂಡದ್ದು ಬೇರೆ. ಹದಿನಾಲ್ಕರಲ್ಲಿ ಹನ್ನೆರಡು ನಿಯಮ 'ಬಾರದು' ಎಂದೇ ಮುಗಿಯುತ್ತಿದ್ದವು. ಬೇಡ ಎಂದದ್ದನ್ನು ಬಿಟ್ಟು ಕೂತ ಮಗುವಿನ ಕೈಗೆ ಕೆಲಸವೇನೂ ಉಳಿಯುವುದಿಲ್ಲ. ಉಳಿಯುವುದು ಕಾವಲು ಕಾಯುವುದೊಂದೇ. ಅದಕ್ಕೆ ದುಡ್ಡೂ ಸೇರಿತು. ಬಹುಮಾನದ ಈ ತೊಂದರೆ ಹೊಸದಲ್ಲ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುವ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ 'ಬಿಡಿಸಿದರೆ ಪ್ರಶಸ್ತಿ ಕೊಡ್ತೀವಿ' ಎಂದು ಮೊದಲೇ ಹೇಳಿದ್ದರು. ಆಮೇಲೆ ಬಿಡುವಿನ ವೇಳೆಯಲ್ಲಿ ಅದೇ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಇಷ್ಟಪಟ್ಟು ಮಾಡುತ್ತಿದ್ದುದು ಕೂಲಿ ಆಗಿತ್ತು.

ಹುಡುಗ ಒಬ್ಬನೇ ನನ್ನ ಜೊತೆ ಇದ್ದಾಗ ಉಪದೇಶವಿಲ್ಲದೆ ಒಂದೇ ಕೆಲಸ ಕೊಟ್ಟೆ: ನಿಮ್ಮ ಮನೆಯ ಕಸ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಚಿತ್ರ ಬರಿ. ಅಡುಗೆಮನೆ, ಬುಟ್ಟಿ, ಕಪ್ಪು ಚೀಲ, ಬಾಗಿಲು, ಇಷ್ಟನ್ನು ಚೆನ್ನಾಗಿ ಬರೆದ. ಬಾಗಿಲಾಚೆಗೆ ನೇರ ಸಮುದ್ರ, ಅದರಲ್ಲಿ ಸತ್ತ ಆಮೆ. ನಡುವೆ ಯಾರೂ ಇಲ್ಲ. "ಚೀಲ ಯಾರು ಒಯ್ತಾರೆ?" ಎಂದೆ. "ಕಚರಾವಾಲಿ." ಹೆಸರು? ಗೊತ್ತಿಲ್ಲ. ಮೂರು ವರ್ಷದಿಂದ ಬೆಳಿಗ್ಗೆ ಬಾಗಿಲಿಗೆ ಬರುವ ಹೆಣ್ಣುಮಗಳು. ತಂದೆಗೂ ಗೊತ್ತಿರಲಿಲ್ಲ, ತಾಯಿಗೂ. ಮುಂದೆ ಕೊಟ್ಟ ಸಲಹೆಯೆಲ್ಲ ಈ ಚಿತ್ರದಿಂದ ಹುಟ್ಟಿದ್ದು.

ಮೊದಲು ಚಾರ್ಟು ಇಳಿಸಬೇಕಿತ್ತು, ಆದರೆ ಮಗು ಶಾಲೆಗೆ ಹೋದಾಗ ಗುಟ್ಟಾಗಿ ಅಲ್ಲ. ತಂದೆಯೇ ಅವನೆದುರು ಇಳಿಸಿ "ಇದು ನಾ ಮಾಡಿದ್ದ ತಪ್ಪು, ನಿಂದಲ್ಲ" ಅನ್ನಬೇಕು. ಉಳಿದಿದ್ದ ಹದಿನಾರು ಸ್ಟಾರ್‌ಗೆ 40 ರೂಪಾಯಿ ಎಣಿಸಿ ಕೊಡಬೇಕು. ಲೆಕ್ಕ ಬಾಕಿ ಇಟ್ಟರೆ ಮಗು ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಬೂಟಿನ ಡಬ್ಬಿಯ ಬಗ್ಗೆ ಒಂದೇ ಮಾತು: "ಇನ್ನ ಮುಚ್ಚಿಡೂದು ಬ್ಯಾಡ, ಒಣಕಸದಾಗ ಹಾಕು." ಅಷ್ಟಕ್ಕೇ ಬಿಡಬೇಕು. ತಾಯಿ ಇನ್ನೂ ನಾಲ್ಕು ಮಾತು ಸೇರಿಸಿದ್ದರು ಎಂದು ಆಮೇಲೆ ತಿಳಿಯಿತು. ಅದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ಎರಡನೆಯದು, ಹದಿನಾಲ್ಕು ನಿಯಮದ ಜಾಗದಲ್ಲಿ ಒಂದೇ ಕೆಲಸ. ಶುರುವಿನಿಂದ ಕೊನೆಯವರೆಗೆ ಅವನದೇ ಆಗಿರುವ, ಕೊಳೆಯ ಭಾಗವೂ ಸೇರಿದ ಕೆಲಸ: ಹಸಿಕಸದಿಂದ ಗೊಬ್ಬರ. ಅವನ ಕೆಲಸದ ಒಳಗೆ ಮಾತ್ರ ಅವನು ಇತರರಿಗೆ ಹೇಳಬಹುದು. ಫ್ಯಾನು, ನಲ್ಲಿ, ನೆಂಟರು ಅವನ ಖಾತೆ ಅಲ್ಲ. ಈ ಗಡಿ ಎಳೆದ ಮೇಲೆಯೇ ಮನೆಯಲ್ಲಿ ಜಗಳ ಇಳಿದದ್ದು.

ಬಾಲ್ಕನಿಗೆ ಬೇಕಾದದ್ದು ಇಷ್ಟು. 20 ಲೀಟರಿನ ಮುಚ್ಚಳವಿರುವ ಪೇಂಟ್ ಬಕೆಟ್ ಎರಡು. ತಳದಲ್ಲಿ ಏಳೆಂಟು, ಸುತ್ತ ನಾಲ್ಕು ಸಾಲು ತೂತು, ಪೆನ್ಸಿಲ್ ದಪ್ಪದ್ದು. ತೂತು ಹೊಡೆಯುವುದು ದೊಡ್ಡವರ ಕೆಲಸ. ಎರಡು ಇಟ್ಟಿಗೆಯ ಮೇಲೆ ಇಟ್ಟು ಕೆಳಗೊಂದು ತಟ್ಟೆ. ತಳಕ್ಕೆ ಎರಡು ಇಂಚು ಒಣ ಎಲೆ ಅಥವಾ ತೆಂಗಿನ ನಾರು, ಅದರ ಮೇಲೆ ಒಂದು ಬೊಗಸೆ ಹಳೆ ಗೊಬ್ಬರ. ಇಲ್ಲದಿದ್ದರೆ ಒಂದು ಲೋಟ ಹುಳಿ ಮಜ್ಜಿಗೆ. ದಿನವೂ ಒಂದು ಬಟ್ಟಲು ತರಕಾರಿ ಸಿಪ್ಪೆಗೆ ಎರಡು ಬಟ್ಟಲು ಒಣ ಎಲೆ. ದೊಡ್ಡ ಸಿಪ್ಪೆಯನ್ನು ಎರಡು ಇಂಚಿಗಿಂತ ಸಣ್ಣಗೆ ಕತ್ತರಿಸಬೇಕು. ಚಹಾಪುಡಿಯ ಸಕ್ಕರೆ ತೊಳೆದು ಹಾಕಬೇಕು. ಮೊದಲ ತಿಂಗಳು ಬೇಯಿಸಿದ್ದು, ಎಣ್ಣೆಯದ್ದು, ಸಾರು ಬೇಡ. ತೆಂಗಿನ ಚಿಪ್ಪು ಎಂದೂ ಬೇಡ, ಅದು ವರ್ಷವಾದರೂ ಕರಗದು. ಮೂರು ದಿನಕ್ಕೊಮ್ಮೆ ಕೋಲಿನಿಂದ ತಳದವರೆಗೆ ತಿರುವಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಒಂದೆರಡು ಹನಿಗಿಂತ ಹೆಚ್ಚು ಬರಬಾರದು. ಧಾರೆ ಇಳಿದರೆ ಎಲೆ ಸಾಲದು; ಪುಡಿಯಾಗಿ ಉದುರಿದರೆ, ಇರುವೆ ಬಂದರೆ, ಒಣಗಿದೆ, ನೀರು ಚಿಮುಕಿಸಬೇಕು.

ಮೂರನೆಯ ವಾರ ಫೋನು ಬಂತು: ನಾರುತ್ತಿದೆ, ಹುಳ ಬಿದ್ದಿದೆ, ಎಸೆದುಬಿಡಲೇ? ಕೇಳಿದಾಗ ತಿಳಿದದ್ದು, ಯುನಿಟ್ ಟೆಸ್ಟ್ ಎಂದು ಹುಡುಗ ನಾಲ್ಕು ದಿನ ಎಲೆ ಹಾಕಿರಲಿಲ್ಲ, ಸಿಪ್ಪೆ ಮಾತ್ರ ಸುರಿದಿದ್ದ. ಗಾಳಿಯಾಡದ ಒದ್ದೆ ಕಸ ಕೊಳೆತು ನಾರುತ್ತದೆ. ಹುಳ ದಪ್ಪಗೆ, ಬೂದು-ಕಂದು ಬಣ್ಣದ್ದು. ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕಚ್ಚುವುದಿಲ್ಲ, ಕಸವನ್ನೇ ತಿಂದು ಬೇಗ ಕರಗಿಸುತ್ತದೆ. ಎಸೆಯಬೇಡಿ, ನೀವೂ ಸರಿಮಾಡಬೇಡಿ ಎಂದೆ. ಹುಡುಗನೇ ಹಳೆ ಪೇಪರ್ ಮೇಲೆ ಎಲ್ಲವನ್ನೂ ಹರವಿ, ಒಂದು ತಾಸು ಆರಲು ಬಿಟ್ಟು, ಸಮಪಾಲು ಎಲೆ ಕಲಸಿ ಮತ್ತೆ ತುಂಬಿದ. ಎರಡು ದಿನದಲ್ಲಿ ವಾಸನೆ ಹೋಯಿತು. ತಾವೇ ಕೆಡಿಸಿದ್ದನ್ನು ತಾವೇ ಸರಿಮಾಡುವ ಅವಕಾಶ ಮಕ್ಕಳಿಗೆ ನಾವು ಕೊಡುವುದೇ ಅಪರೂಪ. ಸಲಹೆ ಕೇಳುವ ಪಾಲಕರು ಹೆಚ್ಚಾಗಿ ಎಡವುವುದೂ ಇಲ್ಲೇ.

ಇನ್ನು ಬಾಗಿಲಾಚೆಯ ಭಾಗ. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್' ಎಂಬ ಸಂಘ ಕಟ್ಟಿಕೊಂಡರು. ಅದರಿಂದ ಬೆಳೆದ ಅವರದೇ ಸಹಕಾರಿ ಸಂಸ್ಥೆ 'ಸ್ವಚ್ಛ' ಮಹಾನಗರಪಾಲಿಕೆಯ ಜೊತೆಗಿನ ಒಪ್ಪಂದದಂತೆ ಮನೆಮನೆಯಿಂದ ಕಸ ಒಯ್ಯುತ್ತದೆ. ಮಾರಾಟವಾಗುವ ಒಣಕಸದ ಹಣ ಆಯುವವರಿಗೇ. ಹಾಗಾಗಿ ನಾವು ಬೇರೆ ಮಾಡಿ ಕೊಡುತ್ತೇವೋ ಕಲಸಿ ಕೊಡುತ್ತೇವೋ ಎಂಬುದು ಅವರ ದಿನದ ಗಳಿಕೆಯ ಮಾತು. ಹುಡುಗನಿಗೆ ಕೊಟ್ಟ ಕೆಲಸ: ಒಂದು ಭಾನುವಾರ ಬಾಗಿಲಲ್ಲಿ ನಿಂತು ಆಕೆಯ ಹೆಸರು ಕೇಳು, ನಮ್ಮ ಕಸದಲ್ಲಿ ನಿಮಗೆ ತ್ರಾಸು ಯಾವುದು ಎಂದು ಕೇಳು, ಬರೆದುಕೋ. ಕಲಿಸಲು ಹೋಗಬೇಡ.

"ಮಾವಶಿ, ತುಮಚಂ ನಾವ ಕಾಯ್?" ಎಂದು ಕೇಳಿದನಂತೆ. ಆಕೆ ಹೆಸರು ಹೇಳಿ, ಚೀಲ ಕೆಳಗಿಟ್ಟು, ತೋರುಬೆರಳು ಚಾಚಿ ತೋರಿಸಿದರು. ಸೂಜಿ ಚುಚ್ಚಿದ ಗುರುತು. ಅಜ್ಜಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಹೊತ್ತು ಇನ್ಸುಲಿನ್. ಬಳಸಿದ ಸೂಜಿ ಅದೇ ಕಪ್ಪು ಚೀಲಕ್ಕೆ ಹೋಗುತ್ತಿತ್ತು. ಚುಚ್ಚಿದ್ದು ಈ ಮನೆಯ ಸೂಜಿಯೇ ಎಂದು ಆಕೆ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹದಿನಾಲ್ಕು ನಿಯಮದಲ್ಲಿ ಆಮೆಯ ಮಾತಿತ್ತು, ಸೂಜಿಯ ಮಾತಿರಲಿಲ್ಲ.

ಅಂದಿನಿಂದ ಸೂಜಿಗೆ ಬಿಗಿ ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ದೊಡ್ಡದಾಗಿ ಮರಾಠಿಯಲ್ಲಿ ಬರೆದದ್ದು. ಮುಕ್ಕಾಲು ತುಂಬಿದಾಗ ಟೇಪು ಸುತ್ತಿ ಬೇರೆಯಾಗಿ ಕೈಗೆ ಕೊಡುವುದು. ಡಬ್ಬಿ ಮುಟ್ಟುವುದು ದೊಡ್ಡವರೇ, ಹುಡುಗನಲ್ಲ. ಒಡೆದ ಗಾಜು ರಟ್ಟಿನ ಡಬ್ಬಿಯಲ್ಲಿ. ಸ್ಯಾನಿಟರಿ ಪ್ಯಾಡು, ಡೈಪರು ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ, ಆಗ ಆಯುವವರು ಬಿಚ್ಚಿ ನೋಡಬೇಕಾಗಿ ಬರುವುದಿಲ್ಲ. 2016ರ ಘನತ್ಯಾಜ್ಯ ನಿಯಮಗಳೂ ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಮೂರು ಮಾಡಿ ಎಂದಿದ್ದವು.

ಆಕೆ ಹೇಳಿದ ಇನ್ನೊಂದು ಸಂಗತಿ ಅಜ್ಜಿಯ ಮಾನ ಕಾಯಿತು. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್, ನೀರಿನ ಬಾಟಲಿ, ಒಣ ರಟ್ಟು ಮಾರಾಟ ಆಗುತ್ತವೆ. ಚಿಪ್ಸ್ ಕವರಿಗೆ ಗಿರಾಕಿ ಇಲ್ಲ, ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಪದರವಾಗಿ ಅಂಟಿರುವುದರಿಂದ ಬಿಡಿಸಲಾಗದು. ಅಂದರೆ ಹುಡುಗ ಜಗಳ ತೆಗೆದಿದ್ದ ಕಿಟಕಿಯ ಪ್ಯಾಕೆಟ್ಟೇ ಸರಿಯಾದ ಕೆಲಸವಾಗಿತ್ತು! ಅಜ್ಜಿ ಪ್ಯಾಕೆಟ್ ಕತ್ತರಿಸುವ ರೀತಿಯನ್ನೂ ಅವನು ಆಗಲೇ ನೋಡಿದ್ದು. ಮೂಲೆ ಪೂರ್ತಿ ತುಂಡಾಗದಂತೆ ಅರ್ಧ ಸೀಳಿ, ಚೂರು ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡುತ್ತಾರೆ. ಉದುರಿದ ಚೂರು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಹಳೆ ಸೀರೆ ಸೇರಿಸಿ ಕೌದಿ ಹೊಲಿಯುವ ಅವರ ಗಂಟನ್ನು ಸೊಸೆ 'ಚಿಂದಿ' ಎಂದು ಅಟ್ಟಕ್ಕೆ ಹಾಕಿಸಿದ್ದರು. ಅದನ್ನು ಇಳಿಸಿ ಎಂದಷ್ಟೇ ತಾಯಿಗೆ ಹೇಳಿದೆ. ಮನೆಯಲ್ಲೇ ಗುರು ಇರುವಾಗ ಯೂಟ್ಯೂಬಿಗೆ ಏಕೆ ಹೋಗಬೇಕು?

ನೀರಿನ ವಿಷಯ ಬೇಗ ಮುಗಿಯಿತು. 'ನೀರು ಉಳಿಸು' ಎನ್ನುವ ಬದಲು ಅಳೆಯಲು ಹೇಳಿದೆ. ಬಚ್ಚಲಿನ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಹತ್ತು ನಿಮಿಷ ಅಳತೆ ಲೋಟ ಇಟ್ಟಾಗ 50 ಮಿಲಿ ಸಿಕ್ಕಿತು. ದಿನಕ್ಕೆ 7.2 ಲೀಟರ್. ಲೆಕ್ಕ ತೋರಿಸಿದ ಮರುದಿನ ತಂದೆ ಪ್ಲಂಬರನ್ನು ಕರೆದರು, ವಾಷರ್ ಬದಲಾಯಿತು. ರಜೆಯಲ್ಲೊಮ್ಮೆ ಖಡಕ್‌ವಾಸ್ಲಾ ಅಣೆಕಟ್ಟಿಗೆ ಕರೆದೊಯ್ಯಿರಿ, ಪಾನ್‌ಶೇತ್, ವರಸ್‌ಗಾಂವ್, ಟೆಮ್‌ಘರ್ ಅಣೆಕಟ್ಟುಗಳ ನೀರು ಅಲ್ಲಿಗೆ ಬಂದು ನಮ್ಮ ನಲ್ಲಿಗೆ ಬರುವುದನ್ನು ತೋರಿಸಿ ಎಂದೂ ಹೇಳಿದ್ದೆ.

ಭಯಕ್ಕೆ ಮಾತ್ರ ನಿಧಾನ ಬೇಕು. ಲೋಕ ಮುಳುಗುವ ವಿಡಿಯೋ ಒಂದನ್ನು ಮಲಗುವ ಮುಂಚೆ ನೋಡಿದ್ದ. 'ಏನೂ ಆಗಂಗಿಲ್ಲ' ಎಂದು ತೇಲಿಸಬೇಡಿ, ಮಕ್ಕಳು ನಂಬುವುದಿಲ್ಲ. ಹೇಳಬೇಕಾದ್ದು ಹೀಗೆ: "ಬಿಸಿಲು ಹೆಚ್ಚಾಗಾಕತ್ತದ, ಖರೆ. ಅದನ್ನ ಸರಿ ಮಾಡೂದು ದೊಡ್ಡವರ ಕೆಲಸ, ಮಾಡೋರು ಇದ್ದಾರ. ನಿನ್ನ ಪಾಲಿಂದು ಬಕೆಟ್ಟು, ಇವತ್ತಿಂದು ಮುಗಿಸೀ. ಮಲಕೋ." ರಾತ್ರಿ ಎಂಟರ ನಂತರ ಇಂಥ ವಿಡಿಯೋ ಬೇಡ. ಎರಡು ವಾರ ಮೀರಿ ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಶಾಲೆ ಬೇಡ ಎಂದರೆ ಇಂಥ ಮನೆಮದ್ದು ಸಾಲದು, ಮಕ್ಕಳ ಮನೋವೈದ್ಯರನ್ನು ಕಾಣಬೇಕು. 14416ರ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು, ಖರ್ಚಿಲ್ಲ. ಈ ಹುಡುಗ ಹತ್ತು ದಿನದಲ್ಲಿ ನೆಟ್ಟಗೆ ಮಲಗತೊಡಗಿದ.

ಏಪ್ರಿಲ್ ಮೊದಲ ವಾರ ಬಂದಾಗ ಮೊದಲ ಬಕೆಟ್ಟಿನ ಗೊಬ್ಬರ ಜರಡಿ ಹಿಡಿದಿದ್ದರು, ಮೂರೂವರೆ ಕಿಲೋ. ಅರ್ಧ ಬಾಲ್ಕನಿಯ ಕರಿಬೇವಿಗೆ, ಅರ್ಧ ಕೆಳಗಿನ ವಾಚ್‌ಮನ್‌ನ ತುಳಸಿಗೆ. ಹುಟ್ಟುಹಬ್ಬಗಳಿಗೆ ಹೋಗುತ್ತಾನೆ, ತನ್ನ ಸ್ಟೀಲ್ ಲೋಟ ತಾನು ಒಯ್ಯುತ್ತಾನೆ, ಮಾತಾಡುವುದಿಲ್ಲ. ಚಿಪ್ಸ್ ಬಿಟ್ಟಿಲ್ಲ, ಬಿಡಬೇಕೆಂದು ಯಾರೂ ಹೇಳಿಲ್ಲ. ತಂದೆ ಫ್ಯಾನು ಹಚ್ಚಿಟ್ಟು ಹೋಗುವುದು ಹಾಗೆಯೇ ಇದೆ. ಈಗ ಅದು ತಾಯಿಯ ಖಾತೆ.

ಮುಂದಿನ ಭೇಟಿ ಜೂನ್‌ನಲ್ಲಿ. ಮಳೆ ಹಿಡಿದ ಮೇಲೆ ಒಣ ಎಲೆ ಸಿಗುವುದಿಲ್ಲ, ಬಕೆಟ್ಟು ಕೆಡುವುದೂ ಆಗಲೇ. ಅಷ್ಟರೊಳಗೆ ಸೊಸೈಟಿಯ ಮರದ ಎಲೆ ಗುಡಿಸುವವರನ್ನು ಕೇಳಿ ಎರಡು ಗೋಣಿಚೀಲ ತುಂಬಿಸಿ, ಮಳೆ ತಾಗದ ಕಡೆ ಇಡಬೇಕೆಂದು ಹುಡುಗನಿಗೆ ಹೇಳಿ ಕಳಿಸಿದ್ದೇನೆ.